ಲಾರಿಯ ಸ್ಪಾರ್ಕ್ ಪ್ಲಗ್ಗು ನಡೆದು ಬಂದ ದಾರಿ



ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕು ಎಂದು ಸಂಪಾದಕ ಮಂಡಳಿಯವರು ತೀರ್ಮಾನ ಮಾಡಿದರು. ಒಬ್ಬರು ಹೈನುಗಾರಿಕೆ ಅಂದರು, ಇನ್ನೊಬ್ಬರು ರೇಷ್ಮೆ ಅಂದರು, ಮತ್ತೊಬ್ಬರು ಸಾಲ ವಸೂಲಾತಿ ಅಂದರು. ನನ್ನ ಪಾಲಿಗೆ ವಾಹನದ ವಿಷಯ ಉಳಿಯಿತು. ನಾನು ಓದಿರೋದು ಎಸ್.ಎಸ್.ಎಲ್.ಸಿ. ಮಾತ್ರ. ಆದರೆ ಹೊಲದ ಕೆಲಸದ ಜೊತೆಗೆ ಗಾಡಿ ಬಿಚ್ಚಿ ಕಟ್ಟೋದು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದಿದೆ. ಆದ್ದರಿಂದ ಹಿರಿಯರಿಂದ ಕೇಳಿದ್ದು, ಕೈಯಾರೆ ಮಾಡಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಈ ವಿಷಯ ಈಗ ಯಾಕೆ ಬೇಕು ಅಂದರೆ, ನಮ್ಮ ಸದಸ್ಯರ ಪೈಕಿ ಅನೇಕರು ಸಾಲ ಮಾಡಿ ಸಣ್ಣ ಗೂಡ್ಸ್ ವಾಹನ ತಗೊಂಡಿದ್ದಾರೆ. ಸೊಪ್ಪು, ಬೀನ್ಸು, ಟೊಮೇಟೊ ಹೇರಿಕೊಂಡು ರಾತ್ರಿ ಮೂರು ಗಂಟೆಗೆ ಕೆ.ಆರ್. ಮಾರ್ಕೆಟ್ಟಿಗೋ ಕಲಾಸಿಪಾಳ್ಯಕ್ಕೋ ಹೋಗುತ್ತಾರೆ. ಮೊದಲು ಇವೆಲ್ಲಾ ಡೀಸೆಲ್ ಗಾಡಿಗಳು. ಈಚೆಗೆ ಪೆಟ್ರೋಲು, ಸಿ.ಎನ್.ಜಿ. ಗಾಡಿಗಳು ಜಾಸ್ತಿಯಾಗಿವೆ. ಈ ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್ಗು ಇರುತ್ತೆ, ಅದಕ್ಕೆ ಆಯಸ್ಸು ಅಂತ ಇರುತ್ತೆ ಅನ್ನೋದು ಡೀಸೆಲ್ಲಿಗೆ ಒಗ್ಗಿದ ನಮ್ಮ ಡ್ರೈವರುಗಳಿಗೆ ಮರೆತೇ ಹೋಗಿದೆ. ಲಾರಿಗೆ ಬಂದ ಪ್ಲಗ್ಗು ಹೇಗೆ ಹೋಯಿತು, ಹೋದದ್ದು ಹೇಗೆ ಮತ್ತೆ ಬಂತು ಎಂಬುದನ್ನು ತಿಳಿದರೆ ನಾವು ಏನು ಮಾಡಬೇಕು ಎಂಬುದೂ ತಾನಾಗಿಯೇ ತಿಳಿಯುತ್ತದೆ.

ಕಿಡಿ ಹುಟ್ಟಿದ್ದು

ಎಂಜಿನ್ನಿನೊಳಗೆ ವಿದ್ಯುತ್ ಕಿಡಿ ಹಾರಿಸಿ ಅನಿಲ ಉರಿಸುವ ಕೆಲಸವನ್ನು 1860ರಲ್ಲೇ ಪ್ಯಾರಿಸ್ಸಿನಲ್ಲಿ ಎಟಿಯೆನ್ ಲೆನ್ವಾ ಎಂಬಾತ ತನ್ನ ಗ್ಯಾಸ್ ಎಂಜಿನ್ನಿನಲ್ಲಿ ಮಾಡಿದ್ದ. ಆದರೆ ಓಡುವ ಗಾಡಿಗೆ ನಂಬಿಕೆಯಿಂದ ಹಾಕಬಹುದಾದ ಕಿಡಿ ಬರಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ ಎಂಬುವರು 1886ರಲ್ಲಿ ಒಂದು ಸಣ್ಣ ವರ್ಕ್‌ಷಾಪು ತೆರೆದರು. ಅವರ ಹತ್ತಿರ ಇದ್ದ ಗಾಟ್ಲೊಬ್ ಹೊನೊಲ್ಡ್ ಎಂಬ ಎಂಜಿನಿಯರು 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗು ತಯಾರಿಸಿದರು. ಅಲ್ಲಿಂದ ಮುಂದೆ ಪೆಟ್ರೋಲು ಗಾಡಿಗೆ ಪ್ಲಗ್ಗು ಇಲ್ಲದೆ ಗತಿಯಿಲ್ಲ ಎಂದಾಯಿತು.

ಪ್ಲಗ್ಗಿನ ರಚನೆ ಬಹಳ ಸರಳ. ನಡುವೆ ಒಂದು ಕಡ್ಡಿ, ಅದರ ಸುತ್ತ ಪಿಂಗಾಣಿ, ಅದರ ಹೊರಗೆ ಮರೆ ಇರುವ ಕಬ್ಬಿಣದ ಚಿಪ್ಪು. ಚಿಪ್ಪಿನ ತುದಿಯಿಂದ ಬಾಗಿದ ಇನ್ನೊಂದು ಕಡ್ಡಿ. ಎರಡು ಕಡ್ಡಿಯ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ಸಂದು. ಸಾವಿರಾರು ವೋಲ್ಟಿನ ಕರೆಂಟು ವೈರಿನ ಮೂಲಕ ಬಂದು ಆ ಸಂದನ್ನು ಹಾರಿದಾಗ ಕಿಡಿ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗು ನಿಮಿಷಕ್ಕೆ 1500 ಸಾರಿ, ಅಂದರೆ ಸೆಕೆಂಡಿಗೆ 25 ಸಾರಿ ಕಿಡಿ ಕೊಡಬೇಕು. ಹಳ್ಳಿಯಿಂದ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

ಪೆಟ್ರೋಲು ಲಾರಿಯ ಕಾಲ

ನಮ್ಮ ಕೆಂಗೇರಿ ಹೋಬಳಿಗೆ ರೈಲು ಬಂದದ್ದು 1881-82ರಲ್ಲಿ ಬೆಂಗಳೂರು-ಮೈಸೂರು ಹಳಿ ಹಾಕಿದಾಗ. ಆದರೆ ಹಳ್ಳಿ ಸರಕೆಲ್ಲಾ ಎತ್ತಿನ ಗಾಡಿಯಲ್ಲೇ ಪೇಟೆಗೆ ಹೋಗುತ್ತಿತ್ತು. ಆಮೇಲೆ ಮೈಸೂರು ರಸ್ತೆಯಲ್ಲಿ ಲಾರಿಗಳು ಕಾಣಿಸಿಕೊಂಡವು. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ನಮ್ಮ ದೇಶದಲ್ಲಿ ಗಾಡಿ ಜೋಡಿಸಲು ಶುರು ಮಾಡಿದವು. ಅಂದಿನ ಷೆವರ್ಲೆ, ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೋ ಲಾರಿಗಳೆಲ್ಲಾ ಸಾಮಾನ್ಯವಾಗಿ ಆರು ಸಿಲಿಂಡರಿನ ಪೆಟ್ರೋಲು ಎಂಜಿನ್ನಿನವು. ಆರು ಸಿಲಿಂಡರಿಗೆ ಆರು ಪ್ಲಗ್ಗು, ಆರು ವೈರು. ಫೋರ್ಡ್ ವಿ-8 ಆದರೆ ಎಂಟೆಂಟು.

ಆ ಕಾಲದಲ್ಲಿ ಲಾರಿಯ ಕ್ಲೀನರ್ ಆಗಬೇಕಾದರೆ ಮೊದಲು ಪ್ಲಗ್ಗು ಬಿಚ್ಚೋದು ಕಲೀಬೇಕಿತ್ತು. ನಮ್ಮ ತಾತನವರು ಹೇಳುತ್ತಿದ್ದ ಪ್ರಕಾರ, ಬೆಳಿಗ್ಗೆ ಎದ್ದು ಹ್ಯಾಂಡಲ್ ಹೊಡೆಯುವ ಮುಂಚೆ ಪ್ಲಗ್ಗುಗಳನ್ನು ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಮಸಿ ಉಜ್ಜಿ, ಒಲೆ ಕೆಂಡದ ಪಕ್ಕ ಇಟ್ಟು ಬಿಸಿ ಮಾಡಿ ಹಾಕಿದರೆ ಎಂಜಿನ್ನು ಎರಡು ಸುತ್ತಿಗೇ ಎದ್ದೇಳುತ್ತಿತ್ತಂತೆ. ಸಂದು ನೋಡಲು ಗೇಜು ಇಲ್ಲದವರು ಹ್ಯಾಕ್ಸಾ ಬ್ಲೇಡು ತೂರಿಸಿ ನೋಡುತ್ತಿದ್ದರು. ಪೆಟ್ರೋಲಿಗೆ ಸೀಸ ಸೇರಿಸುತ್ತಿದ್ದ ಕಾಲವದು. ಅದರ ಬೂದಿ ಪ್ಲಗ್ಗಿಗೆ ಅಂಟುತ್ತಿದ್ದುದರಿಂದ ಈ ಕೆಲಸ ತಪ್ಪುತ್ತಿರಲಿಲ್ಲ. ವೈರುಗಳೂ ಈಗಿನಂಥವಲ್ಲ. ತಾಮ್ರದ ಎಳೆ, ಮೇಲೆ ರಬ್ಬರು, ಅದರ ಮೇಲೆ ಅರಗಿನ ಬಣ್ಣ ಬಳಿದ ಹತ್ತಿ ನೂಲಿನ ಹೊದಿಕೆ. ಮಳೆಗಾಲದಲ್ಲಿ ಅದು ತೇವ ಹಿಡಿದರೆ ಕಿಡಿ ಎಲ್ಲೆಲ್ಲೋ ಹಾರುತ್ತಿತ್ತು.

ಎರಡನೇ ಮಹಾಯುದ್ಧ ಬಂತು. 1941ರ ಹೊತ್ತಿಗೆ ಪೆಟ್ರೋಲಿಗೆ ರೇಷನ್ನು ಆಯಿತು. ಆಗ ಮೈಸೂರು ಸಂಸ್ಥಾನದ ಬಸ್ಸು, ಲಾರಿಗಳ ಹಿಂದೆಯೋ ಪಕ್ಕದಲ್ಲೋ ದೊಡ್ಡ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರಿಂದ ಬರುವ ಗ್ಯಾಸಿನಲ್ಲಿ ಗಾಡಿ ಓಡಿಸಿದರು. ಹಳಬರು ಇದನ್ನೇ ಇದ್ದಿಲು ಬಸ್ಸು ಅನ್ನುತ್ತಿದ್ದರು. ಹೊರಡುವ ಎಷ್ಟೋ ಹೊತ್ತು ಮುಂಚೆ ಕ್ಲೀನರು ಗಾಳಿಯ ಚಕ್ರ ತಿರುಗಿಸಿ ಒಲೆ ಹತ್ತಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು, ಯಾಕಂದರೆ ಪೆಟ್ರೋಲಿಗಿಂತ ಶಕ್ತಿ ಬಹಳ ಕಡಿಮೆ. ಆದರೂ ಆ ಗ್ಯಾಸು ಉರಿಯಲು ಪ್ಲಗ್ಗಿನ ಕಿಡಿಯೇ ಬೇಕಿತ್ತು. ಇದ್ದಿಲಿನ ದೂಳು, ಡಾಂಬರು ಅಂಟಿ ಪ್ಲಗ್ಗು ಬೇಗ ಕಟ್ಟಿಕೊಳ್ಳುತ್ತಿದ್ದುದರಿಂದ ಆ ದಿನಗಳಲ್ಲಿ ಪ್ಲಗ್ಗು ಉಜ್ಜುವ ಕೆಲಸ ಇನ್ನೂ ಜಾಸ್ತಿ. ಗ್ಯಾಸಿನ ಗಾಡಿಗೆ ಪ್ಲಗ್ಗಿನ ಆರೈಕೆ ಹೆಚ್ಚು ಬೇಕು ಎಂಬ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಲಾರಿಗಳು ಬಂದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಅದೇ ಮುಂದೆ ಕೆ.ಎಸ್.ಆರ್.ಟಿ.ಸಿ. ಆಗಿ, ಅದರ ವರ್ಕ್‌ಷಾಪು ನಮ್ಮ ಕೆಂಗೇರಿಯಲ್ಲೇ ಇರುವುದು ಎಲ್ಲರಿಗೂ ಗೊತ್ತಿರುವ ವಿಚಾರ.

ಮೈಕೋ ಬಂದದ್ದು

ಅಲ್ಲಿಯವರೆಗೆ ಪ್ಲಗ್ಗು ಪರದೇಶದಿಂದ ಹಡಗಿನಲ್ಲಿ ಬರಬೇಕಿತ್ತು. 1951ರಲ್ಲಿ ಬಾಷ್ ಕಂಪನಿಯ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಜನರ ಬಾಯಲ್ಲಿ ಮೈಕೋ, ಹುಟ್ಟಿಕೊಂಡಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಎದ್ದಿತು. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಪ್ಲಗ್ಗು ಅರ್ಧ ಶತಮಾನದಲ್ಲಿ ನಮ್ಮ ಊರ ಬಾಗಿಲಿಗೇ ಬಂತು. ನಮ್ಮ ಕಡೆ ಪ್ಲಗ್ಗು ಅಂದರೆ ಮೈಕೋ ಎಂದೇ ಆಗಿಹೋಯಿತು. ಆ ಹೆಸರಿನ ಬಡಾವಣೆಯೇ ಬೆಂಗಳೂರಲ್ಲಿ ಇದೆ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಆಡುಗೋಡಿಯ ಅದೇ ಕಾರ್ಖಾನೆಯಲ್ಲಿ ಒಂದು ಕಡೆ ಪ್ಲಗ್ಗು ತಯಾರಾಗುತ್ತಿತ್ತು, ಇನ್ನೊಂದು ಕಡೆ ಡೀಸೆಲ್ ಎಂಜಿನ್ನಿಗೆ ಬೇಕಾದ ಪಂಪು, ನಾಜಲ್ಲುಗಳೂ ತಯಾರಾಗುತ್ತಿದ್ದವು. ಲಾರಿಯಿಂದ ಪ್ಲಗ್ಗನ್ನು ಓಡಿಸಿದ್ದೇ ಈ ಡೀಸೆಲ್ ಪಂಪು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಇನ್ನೊಬ್ಬನನ್ನು ಮನೆಯಿಂದ ಆಚೆ ಹಾಕಿದ ಹಾಗಾಯಿತು.

ಲಾರಿಯಿಂದ ಪ್ಲಗ್ಗು ಹೋದದ್ದು

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಹದಿನಾರು ಇಪ್ಪತ್ತು ಪಟ್ಟು ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ. ಆ ಬಿಸಿಗಾಳಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಅಷ್ಟು ಒತ್ತಡದಲ್ಲಿ ಅಳೆದು ಎಣ್ಣೆ ಚಿಮ್ಮಿಸುವ ಪಂಪನ್ನು 1927ರಲ್ಲಿ ಬಾಷ್ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ ಮೇಲೆ ಡೀಸೆಲ್ ಲಾರಿಗಳಿಗೆ ದಾರಿಯಾಯಿತು.

1954ರಲ್ಲಿ ಜಮ್‌ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಬೆಂಜ್ ಲಾರಿ ಹೊರಬಂತು. ಮದ್ರಾಸಿನಲ್ಲಿ 1955ರಿಂದ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಬಂತು. ಎರಡೂ ಡೀಸೆಲ್. ಹಳೆಯ ಫಾರ್ಗೋ, ಡಾಡ್ಜ್, ಬೆಡ್‌ಫೋರ್ಡ್ ಇಟ್ಟುಕೊಂಡಿದ್ದವರು ಪೆಟ್ರೋಲು ಎಂಜಿನ್ನು ಇಳಿಸಿ ಅದರ ಜಾಗಕ್ಕೆ ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ನು ಕೂರಿಸಿಕೊಂಡರು. ಡೀಸೆಲ್ ಬೆಲೆ ಕಡಿಮೆ, ಲೀಟರಿಗೆ ಓಡುವ ದೂರ ಹೆಚ್ಚು, ಲೋಡು ಎಳೆಯುವ ಶಕ್ತಿ ಹೆಚ್ಚು. 1973ರ ಅರಬ್-ಇಸ್ರೇಲ್ ಯುದ್ಧದ ಮೇಲೆ ಪೆಟ್ರೋಲು ದರ ಏರಿದಾಗ ಅಳಿದುಳಿದ ಪೆಟ್ರೋಲು ಲಾರಿಗಳೂ ಮೂಲೆ ಸೇರಿದವು.

ಹೀಗೆ ಲಾರಿಯಲ್ಲಿ ಪ್ಲಗ್ಗು ಹೋಯಿತು. ಆದರೆ ಊರಿಂದ ಹೋಗಲಿಲ್ಲ. ಬಾವಿಯ ಮೇಲಿನ ಸೀಮೆಎಣ್ಣೆ ಪಂಪ್‌ಸೆಟ್ಟಿನಲ್ಲಿ ಇತ್ತು. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಮೋಟಾರು ಸೈಕಲ್ಲಿನಲ್ಲಿ ಇತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗುವವರ ಜೇಬಲ್ಲಿ ಒಂದು ಪ್ಲಗ್ಗು, ಸೀಟಿನ ಕೆಳಗೆ ಒಂದು ಪಾನಾ ಇದ್ದೇ ಇರುತ್ತಿತ್ತು. ಈಗಲೂ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ, ಕಳೆ ಕೊಯ್ಯುವ ಯಂತ್ರದಲ್ಲಿ ಅದು ಇದೆ. ಆದರೆ ಲಾರಿ ಡ್ರೈವರುಗಳ ಎರಡು ತಲೆಮಾರು ಡೀಸೆಲ್ಲಿನಲ್ಲೇ ಕಳೆದದ್ದರಿಂದ ಪ್ಲಗ್ಗಿನ ವಿದ್ಯೆ ಅವರ ಕೈತಪ್ಪಿತು.

ಮತ್ತೆ ಬಂದದ್ದು

2005ರಲ್ಲಿ ಟಾಟಾ ಏಸ್ ಬಂದಾಗ ನಮ್ಮ ಭಾಗದ ರೈತರಿಗೆ ಅದು ದೊಡ್ಡ ಬದಲಾವಣೆ. ಲಾರಿಗೆ ಕಾಯದೆ ತಮ್ಮ ಸರಕನ್ನು ತಾವೇ ಒಯ್ಯಬಹುದಾಯಿತು. ಆಗ ಅದು ಎರಡು ಸಿಲಿಂಡರಿನ ಡೀಸೆಲ್ ಗಾಡಿ. 2013ರಲ್ಲಿ ದಾಬೋಲ್-ಬೆಂಗಳೂರು ಅನಿಲ ಕೊಳವೆ ಮಾರ್ಗ ಮುಗಿದ ಬಳಿಕ ನಮ್ಮ ನಗರಕ್ಕೂ ಸಿ.ಎನ್.ಜಿ. ಬಂತು. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲಾ ಬಿ.ಎಸ್.-6 ಹೊಗೆ ನಿಯಮ ಜಾರಿಯಾಯಿತು. ಡೀಸೆಲ್ ಗಾಡಿಯ ಹೊಗೆ ಶುದ್ಧ ಮಾಡುವ ಸಾಮಾನಿಗೆ ಖರ್ಚು ಹೆಚ್ಚು. ಆದ್ದರಿಂದ ಸಣ್ಣ ಗೂಡ್ಸ್ ವಾಹನಗಳಲ್ಲಿ ಪೆಟ್ರೋಲು, ಸಿ.ಎನ್.ಜಿ. ಎಂಜಿನ್ನುಗಳು ಮುಂದೆ ಬಂದವು. ಅಲ್ಲಿಗೆ ಐವತ್ತು ವರ್ಷದ ಹಿಂದೆ ಲಾರಿ ಬಿಟ್ಟು ಹೋದ ಪ್ಲಗ್ಗು ಪುನಃ ನಮ್ಮ ಮನೆ ಮುಂದೆ ನಿಂತಿತು.

ಈ ನಡುವೆ ಕಾರ್ಖಾನೆಯೂ ಬದಲಾಯಿತು. ಮೈಕೋ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಆಡುಗೋಡಿಯ ತಯಾರಿಕೆ ನಮ್ಮ ಮೈಸೂರು ರಸ್ತೆಯಲ್ಲೇ ಮುಂದಿರುವ ಬಿಡದಿಯ ಹೊಸ ಕಾರ್ಖಾನೆಗೆ ಸಾಗಿತು. ಆಡುಗೋಡಿಯ ಹಳೆ ಜಾಗದಲ್ಲಿ ಕಂಪ್ಯೂಟರ್ ಕೆಲಸದ ದೊಡ್ಡ ಆವರಣ ಎದ್ದು 2022ರಲ್ಲಿ ಉದ್ಘಾಟನೆ ಆಯಿತು. ಅದಕ್ಕೆ ಇಟ್ಟ ಹೆಸರಿನಲ್ಲೂ ಸ್ಪಾರ್ಕ್ ಎಂಬ ಪದವೇ ಇದೆ.

ಪ್ಲಗ್ಗು ಮತ್ತು ವೈರು ಯಾಕೆ ಬದಲಾಯಿಸಬೇಕು

ಪ್ರತಿ ಕಿಡಿಗೂ ಕಡ್ಡಿಯ ತುದಿ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಸವೆದಂತೆ ಸಂದು ಅಗಲವಾಗುತ್ತದೆ. ಅಗಲವಾದ ಸಂದು ಹಾರಲು ಹೆಚ್ಚು ವೋಲ್ಟೇಜು ಬೇಕು. ಅದು ಎಲ್ಲಿಂದ ಬರಬೇಕು? ಕಾಯಿಲ್ಲಿನಿಂದ, ವೈರಿನ ಮೂಲಕ. ಕಾಲುವೆಯ ಬಾಯಿಯಲ್ಲಿ ಕಸ ಕಟ್ಟಿದರೆ ನೀರು ಏನು ಮಾಡುತ್ತದೆ ಅಂತ ರೈತರಿಗೆ ಹೇಳಬೇಕಾಗಿಲ್ಲ. ಬದುವಿನಲ್ಲಿ ಎಲ್ಲಿ ಬಡವಾಗಿದೆಯೋ ಅಲ್ಲಿ ಒಡೆದುಕೊಂಡು ಹೋಗುತ್ತದೆ. ಹಾಗೆಯೇ ವೈರಿನ ರಬ್ಬರು ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿಂದ ಕರೆಂಟು ಎಂಜಿನ್ನಿನ ಮೈಗೆ ಹಾರಿಬಿಡುತ್ತದೆ. ಪ್ಲಗ್ಗಿಗೆ ತಲುಪುವುದೇ ಇಲ್ಲ. ಆದ್ದರಿಂದಲೇ ವೈರು ಹಳತಾಗಿದ್ದರೆ ಪ್ಲಗ್ಗು ಒಂದನ್ನೇ ಬದಲಾಯಿಸಿ ಸುಮ್ಮನಾಗಬಾರದು. ಪ್ಲಗ್ಗು ಹಾಳಾಗಿದ್ದಾಗ ಹೊಸ ವೈರು ಹಾಕಿದರೂ ಅದು ಬಹಳ ದಿನ ಬಾಳುವುದಿಲ್ಲ.

ಸಿ.ಎನ್.ಜಿ. ಉರಿಯಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜಿನ ಕಿಡಿ ಬೇಕು. ಪೆಟ್ರೋಲಿನಲ್ಲಿ ಓಡಿಸಿದಾಗ ಸರಿಯಿದ್ದು ಗ್ಯಾಸಿಗೆ ಹಾಕಿದಾಗ ಜರ್ಕ್ ಹೊಡೆದರೆ ಜನ ಮೊದಲು ಗ್ಯಾಸ್ ಕಿಟ್ಟಿನ ಮೇಲೆ ಅನುಮಾನ ಪಡುತ್ತಾರೆ. ಎಷ್ಟೋ ಸಾರಿ ದೋಷ ಇರೋದು ಸವೆದ ಪ್ಲಗ್ಗಿನಲ್ಲಿ. ಇದ್ದಿಲು ಬಸ್ಸಿನ ಕಾಲದ ಮಾತು ಇಲ್ಲಿ ನೆನಪಿಗೆ ಬರಬೇಕು. ಆಗ ಮಸಿಯಿಂದ ತೊಂದರೆ, ಈಗ ಸವೆತದಿಂದ. ಆದರೆ ಗ್ಯಾಸಿನ ಗಾಡಿಯವನು ಪ್ಲಗ್ಗಿನ ಮೇಲೆ ಒಂದು ಕಣ್ಣು ಇಟ್ಟಿರಬೇಕು ಅನ್ನೋದು ಆಗಲೂ ಈಗಲೂ ಒಂದೇ.

ಒಂದು ಪ್ಲಗ್ಗು ಕಿಡಿ ಬಿಟ್ಟರೆ ಬರೀ ಮೈಲೇಜು ಹೋಗುವುದಲ್ಲ. ಉರಿಯದ ಇಂಧನ ಸೈಲೆನ್ಸರಿನ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತದೆ. ಅದರ ಜೇನುಗೂಡಿನಂಥ ಒಳಭಾಗ ಕರಗಿ ಕಟ್ಟಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗಿಗೆ ಹಿಂದೆಮುಂದೆ ನೋಡಿದವರು ಹತ್ತಾರು ಸಾವಿರಕ್ಕೆ ಬೀಳುತ್ತಾರೆ. ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ ಗುರುತಿನ ದೀಪ ಮಿಣಮಿಣ ಅಂದರೆ ಅದೇ ಎಚ್ಚರಿಕೆ. ನಾಯಂಡಹಳ್ಳಿ ಹತ್ತಿರ ರಾತ್ರಿ ಮೂರೂವರೆಗೆ ಕೊತ್ತಂಬರಿ ಲೋಡಿನೊಂದಿಗೆ ಗಾಡಿ ನಿಂತರೆ, ಬೆಳಗಾಗುವಷ್ಟರಲ್ಲಿ ಸೊಪ್ಪು ಬಾಡುತ್ತದೆ, ಹರಾಜು ಮುಗಿಯುತ್ತದೆ. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಬದಲಾಯಿಸುವ ಕ್ರಮ

ಎಂಜಿನ್ನು ಪೂರ್ತಿ ತಣ್ಣಗಾಗಬೇಕು. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ತಲೆಯ ಮರೆ ಕಿತ್ತುಹೋಗುತ್ತದೆ. ವೈರು ಕೀಳುವಾಗ ವೈರನ್ನು ಹಿಡಿದು ಎಳೆಯಬಾರದು, ತುದಿಯ ರಬ್ಬರು ಟೋಪಿಯನ್ನು ಹಿಡಿದು ಸ್ವಲ್ಪ ತಿರುಗಿಸಿ ಎಳೆಯಬೇಕು. ಬಿಚ್ಚುವ ಮುಂಚೆ ಸುತ್ತಲಿನ ದೂಳನ್ನು ಗಾಳಿ ಹಾಕಿ ಊದಬೇಕು, ಇಲ್ಲದಿದ್ದರೆ ಮಣ್ಣು ಸಿಲಿಂಡರಿಗೆ ಬೀಳುತ್ತದೆ.

ಒಂದೊಂದಾಗಿಯೇ ಬಿಚ್ಚಿ ಒಂದೊಂದಾಗಿಯೇ ಹಾಕಬೇಕು. ಎಲ್ಲಾ ವೈರು ಒಟ್ಟಿಗೆ ಕಿತ್ತರೆ ಯಾವುದು ಯಾವುದಕ್ಕೆ ಅಂತ ಗೊತ್ತಾಗದು. ನಾಲ್ಕು ಸಿಲಿಂಡರಿನ ಎಂಜಿನ್ನು ಸಾಮಾನ್ಯವಾಗಿ 1-3-4-2ರ ಸರದಿಯಲ್ಲಿ ಉರಿಯುತ್ತದೆ. ಅಂದಿನ ಆರು ಸಿಲಿಂಡರ್ ಲಾರಿಗಳದ್ದು 1-5-3-6-2-4. ಹಿಂದಿನ ಕ್ಲೀನರುಗಳಿಗೆ ಇದು ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ಕೆಲವು ಹೊಸ ಗಾಡಿಗಳಲ್ಲಿ ವೈರೇ ಇಲ್ಲ, ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ಲು ಕೂತಿರುತ್ತದೆ. ಅಂಥ ಕಡೆ ರಬ್ಬರು ಟೋಪಿ ಬಿರುಕು ಬಿಟ್ಟಿದೆಯೇ ನೋಡಿದರೆ ಸಾಕು.

ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಿದರೆ ಎಂಜಿನ್ನಿನ ಆರೋಗ್ಯ ತಿಳಿಯುತ್ತದೆ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು ಬರುತ್ತಿದೆ. ಆಯಿಲ್ ಒದ್ದೆ ಇದ್ದರೆ ರಿಂಗು ಸವೆದಿದೆ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಬಿಸಿ ಜಾಸ್ತಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ಮರೆಗೆ ಕೂರಿಸಿ, ಕೊನೆಯಲ್ಲಿ ಮಾತ್ರ ಪಾನಾ ಹಾಕಬೇಕು. ಸಂದು ಎಷ್ಟಿರಬೇಕು, ಎಷ್ಟು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅದನ್ನು ದೇವರ ಮನೆಯಲ್ಲಿ ಇಡದೆ ಗಾಡಿಯಲ್ಲಿ ಇಟ್ಟುಕೊಳ್ಳಿ.

ವೈರಿನ ಪರೀಕ್ಷೆಗೆ ಹಳಬರ ಉಪಾಯ ಈಗಲೂ ನಡೆಯುತ್ತದೆ. ಕತ್ತಲಲ್ಲಿ ಬಾನೆಟ್ಟು ಎತ್ತಿ ಎಂಜಿನ್ನು ಓಡಿಸಿ ದೂರದಿಂದ ನೋಡಬೇಕು. ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದರೆ ಅದು ಒಡೆದಿದೆ ಎಂದರ್ಥ. ಕೈ ಮಾತ್ರ ಇಡಬಾರದು. ನಮ್ಮ ಹಳ್ಳಿಗಳಲ್ಲಿ ಮೇವಿನ ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವುದರಿಂದ ಇಲಿ, ಅಳಿಲು ವೈರು ಕಡಿಯುವುದೂ ಉಂಟು.

ಸಂಘ ಏನು ಮಾಡಬಹುದು

ನಮ್ಮ ನಾಡಿನಲ್ಲಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತ ಒಂಟಿಯಾಗಿ ಸಾಲದಲ್ಲಿ ಮುಳುಗಬಾರದು ಅಂತ. ಈಗಿನ ಸಾಲದಲ್ಲಿ ಗಾಡಿಯ ಸಾಲವೂ ಸೇರಿದೆ. ಆದ್ದರಿಂದ ಮೂರು ಸಲಹೆಗಳನ್ನು ಮಹಾಸಭೆಯ ಮುಂದೆ ಇಡಲು ಇಚ್ಛಿಸುತ್ತೇನೆ. ಮೊದಲನೆಯದು, ಪ್ಲಗ್ಗಿನ ಪಾನಾ, ಸಂದು ಅಳೆಯುವ ಗೇಜು, ಬಿಗಿ ಅಳೆಯುವ ಟಾರ್ಕ್ ಪಾನಾ ಒಂದು ಜೊತೆ ಸಂಘದ ಗೋದಾಮಿನಲ್ಲಿ ಇರಲಿ, ಸದಸ್ಯರು ಸಹಿ ಮಾಡಿ ಒಯ್ದು ವಾಪಸು ತರಲಿ. ಎರಡನೆಯದು, ಜೆ.ಸಿ. ರಸ್ತೆಯಲ್ಲಿ ಬಿಲ್ಲು ಸಮೇತ ಅಸಲಿ ಪ್ಲಗ್ಗು, ವೈರುಗಳನ್ನು ಸಂಘದಿಂದಲೇ ಒಟ್ಟಿಗೆ ಕೊಂಡು ತಂದರೆ ನಕಲಿ ಮಾಲಿನ ಕಾಟ ತಪ್ಪುತ್ತದೆ, ದರವೂ ಇಳಿಯುತ್ತದೆ. ಗೊಬ್ಬರ, ಬಿತ್ತನೆ ಬೀಜ ತರುವುದಿಲ್ಲವೇ, ಹಾಗೆ. ಮೂರನೆಯದು, ವಾಹನ ಸಾಲದ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ಲಗ್ಗು ಬದಲಾಯಿಸಿದ ದಿನಾಂಕ, ಕಿಲೋಮೀಟರು ಬರೆಯುವ ಒಂದು ಪಟ್ಟಿ ಇರಲಿ. ಕಂತು ಕಟ್ಟಲು ಬಂದಾಗ ಕಾರ್ಯದರ್ಶಿಗಳು ಅದರ ಮೇಲೂ ಒಂದು ಕಣ್ಣು ಹಾಯಿಸಲಿ. ಗಾಡಿ ಓಡಿದರೆ ತಾನೇ ಕಂತು ಬರೋದು.

ಮುಂದೆ ಬ್ಯಾಟರಿ ಗಾಡಿಗಳು ಹೆಚ್ಚಾದರೆ ಪ್ಲಗ್ಗು ಮತ್ತೊಮ್ಮೆ ಹೋಗಬಹುದು. ಹೋಗುವ ತನಕ ಅದನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಹೊಟ್ಟೆಪಾಡಿನ ಪ್ರಶ್ನೆ.